ಗೋಣಿಚೀಲ ಹಿಂಡಿದ ನೀರು

ಹುಳ ಕೊಲ್ಲುವ ಔಷಧಿಯ ಏಜೆನ್ಸಿ ಮನೆಬಾಗಿಲಿಗೇ ಬಂದಾಗ ಹಳೇಬೀಡಿನ ಪದ್ಮರಾಜಯ್ಯನವರು ಬೇಡವೆಂದಿದ್ದರು. ಜೈನರ ಮನೆ. ಊರ ಕೊಳದಿಂದ ತಂದ ಸ್ನಾನದ ನೀರನ್ನೂ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಅದೇ ಕೊಳಕ್ಕೆ ಮರಳಿ ಬಿಡುವ ಪದ್ಧತಿ. ಅವರು ಮಾರುತ್ತಿದ್ದುದು ಬೂಷ್ಟಿನ ಮದ್ದಾದ ಮೈಲುತುತ್ತವೊಂದನ್ನೇ. ಸುಣ್ಣದೊಂದಿಗೆ ಕಲಸಿ ಹೊಡೆದರೆ ಆಲೂಗಡ್ಡೆಯ ಅಂಗಮಾರಿ ರೋಗ ನಿಲ್ಲುತ್ತದೆ. ಜೀವಹಿಂಸೆಯಿಲ್ಲದ ವ್ಯಾಪಾರವೆಂದು ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು.

ತಾಮ್ರದ ಆ ನೀಲಿ ಹರಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು, ಅರಸೀಕೆರೆಯಲ್ಲಿ ರೈಲಿನಿಂದ ಇಳಿಯುತ್ತಿತ್ತು. ಐವತ್ತರ ದಶಕದ ಕೊನೆಗೆ ವಿದೇಶಿ ಹಣದ ಅಭಾವವಾಗಿ ಸರ್ಕಾರ ಆಮದನ್ನು ಬಿಗಿಮಾಡಿತು. ಬಂದಷ್ಟು ಮಾಲು ಪರ್ಮಿಟ್ಟಿದ್ದವರಿಗೆ ಮಾತ್ರ. ಕೊಳದ ಕೆಳಗೆ ಅರ್ಧ ಎಕರೆ ಆಲೂಗಡ್ಡೆ ಹಾಕಿದ್ದ ಜವರಯ್ಯನಂಥವರಿಗೆ ಪರ್ಮಿಟ್ಟು ಎಲ್ಲಿಂದ ಬರಬೇಕು? ಪದ್ಮರಾಜಯ್ಯ ಖಾಲಿ ಗೋಣಿಚೀಲಗಳನ್ನು ಬಾನಿಯಲ್ಲಿ ನೆನೆಹಾಕಿ, ನಾರಿಗೆ ಅಂಟಿದ ಪುಡಿ ಕರಗಿದ ನೀಲಿ ನೀರನ್ನು ಅಂಥವರಿಗೆ ಪುಕ್ಕಟೆ ಕೊಡತೊಡಗಿದರು. ಚೀಲ ತೊಳೆದ ನೀರಿನ ಬಗ್ಗೆ ಕಾನೂನು ಏನೂ ಹೇಳಿರಲಿಲ್ಲ.

"ನೀವು ತಿನ್ನದ ಗೆಡ್ಡೆ ಉಳಿಸಾಕೆ ನೀವೇ ಮದ್ದು ಕೊಡ್ತೀರಲ್ಲ ಸ್ವಾಮಿ" ಎಂದು ಜವರಯ್ಯ ನಗುತ್ತಿದ್ದ.

ಆ ಚೀಲಗಳಿಗೆ ಯಾರಾದರೂ ರಾಗಿ ತುಂಬಿಯಾರೆಂಬ ಭಯಕ್ಕೆ, ಪದ್ಮರಾಜಯ್ಯ ತಾವೇ ಅವನ್ನು ಕೊಳದ ಮೆಟ್ಟಿಲ ಮೇಲೆ ಮತ್ತೊಮ್ಮೆ ಜಾಲಿಸಿ ಹಿಂಡುತ್ತಿದ್ದರು. ಒಂದು ಭಾದ್ರಪದದಲ್ಲಿ ಮಾಲೆಲ್ಲ ಒಟ್ಟಿಗೆ ಬಂದು ಚೀಲಗಳ ರಾಶಿಯೇ ಬಿತ್ತು. ಮಳೆ ಕೈಕೊಟ್ಟು ಕೊಳವೂ ತಗ್ಗಿತ್ತು. ಆದರೂ ಒಂದೇ ಸಂಜೆ ಅಷ್ಟನ್ನೂ ಅಲ್ಲೇ ಹಿಂಡಿದರು.

ಮರುದಿನ ಬೆಳಿಗ್ಗೆ ಹೆಂಡತಿ ಜಿನಮತಿ, ನೀರು ಸೋಸಿದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಕೊಳದಿಂದ ವಾಪಸು ಬಂದರು.

"ಮೀನೆಲ್ಲ ಸತ್ತು ತೇಲ್ತಾ ಇವೆ ಕಣ್ರೀ. ಇದನ್ನ ಎಲ್ಲಿ ಬಿಡ್ಲಿ?"

ಬೂಷ್ಟನ್ನು ಸುಡುವ ತಾಮ್ರ ಮೀನಿನ ಕಿವಿರನ್ನೂ ಬಿಡುವುದಿಲ್ಲವೆಂದು ಪದ್ಮರಾಜಯ್ಯನವರಿಗೆ ಹೊಳೆದದ್ದು ಆಗ. ಹೆಂಡತಿಯ ಮುಖ ನೋಡಲಾಗದೆ ಹೊರಟುಬಿಟ್ಟರು.

ಕೊಳದ ಬಳಿ ಜನ ಸೇರಿತ್ತು. ಊರಿನ ಹಿರಿಯ ಏಕಾಂತಯ್ಯ ಜವರಯ್ಯನನ್ನು ನಿಲ್ಲಿಸಿಕೊಂಡಿದ್ದರು.

"ಮೀನು ಹಿಡಿಯಾಕೆ ಕಾರೆಕಾಯಿ ಅರೆದು ಹಾಕಿದೀಯ. ಏನ್ಲಾ, ಹೌದೋ ಅಲ್ವೋ?"

"ಹಾಕಿದ್ರೆ ಮೀನು ನಮ್ಮನೆ ಸಾರಲ್ಲಿ ಇರ್ತಿದ್ವು. ಇಲ್ಯಾಕೆ ತೇಲ್ತಿದ್ವು?"

"ಬಾಯಿಗೇನೂ ಕಮ್ಮಿ ಇಲ್ಲ. ಇನ್ಮೇಲೆ ಈ ಕೊಳದ ನೀರು ನಿನ್ ಹೊಲಕ್ಕಿಲ್ಲ" ಎಂದ ಏಕಾಂತಯ್ಯ ತಿರುಗಿ, "ಪದ್ಮರಾಜಯ್ಯನೋರೆ, ಹಿಂಸೆ ವಿಚಾರ. ತೀರ್ಪು ನಿಮ್ಮ ಬಾಯಲ್ಲೇ ಬರ್ಲಿ" ಎಂದರು.

ನೀರು ತಪ್ಪಿದರೆ ಜವರಯ್ಯನ ಬೆಳೆ ಹೋದಂತೆಯೇ. ಅವನು ಇವರನ್ನು ನೋಡಲಿಲ್ಲ, ನೀಲಿ ಹಿಡಿದ ತನ್ನ ಉಗುರುಗಳನ್ನು ನೋಡಿಕೊಂಡ.  ಸುಮ್ಮನಿದ್ದರೆ ಮುಗಿದುಹೋಗುತ್ತದೆ ಎಂಬ ಯೋಚನೆ ಪದ್ಮರಾಜಯ್ಯನವರಿಗೆ ಬಂದೇ ಬಂತು. ಆ ಯೋಚನೆಗೇ ನಾಚಿ ತಲೆ ತಗ್ಗಿಸಿದರು.

"ಅವನಲ್ಲ. ಕೊಂದವನು ನಾನು."

ಏಕಾಂತಯ್ಯ ನಕ್ಕರು. "ಇರುವೆ ದಾಟಿ ಕಾಲಿಡೋರು ನೀವು. ಇವನನ್ನ ಉಳಿಸಾಕೆ ಪಾಪ ತಲೆ ಮೇಲೆ ಹೊತ್ಕೊಬ್ಯಾಡಿ."

ಜನ ಕೈಮುಗಿಯುವಂತೆ ನೋಡಿದರು. ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚಿತು. ಉಳಿದ ಚೀಲದ ನೀರಿಗೆ ಒಂದು ಮೀನು ಬಿಟ್ಟು ತೋರಿಸಿದರೆ ನಂಬುತ್ತಾರೆ, ಆದರೆ ಇನ್ನೊಂದು ಜೀವ ತೆಗೆಯುವುದು ಹೇಗೆ?

ಚೀಲ ಹಿಂಡಿದ ಮೆಟ್ಟಿಲ ಕುಳಿಯಲ್ಲಿ ಇನ್ನೂ ನೀಲಿ ನೀರು ನಿಂತಿತ್ತು. ಪದ್ಮರಾಜಯ್ಯ ಜವರಯ್ಯನ ಕುಡುಗೋಲು ಇಸಿದುಕೊಂಡು, "ನಿನ್ನೆ ನಾನು ಚೀಲ ಹಿಂಡಿದ ನೀರು ಇದು" ಎಂದು ಅದರಲ್ಲಿ ಅದ್ದಿ ಹಿಡಿದರು. ಮದ್ದಿಗೆ ಸುಣ್ಣ ಸಾಲದಿದ್ದರೆ ಕಬ್ಬಿಣಕ್ಕೆ ತಾಮ್ರ ಹತ್ತುತ್ತದೆ. ಮದ್ದು ಹೊಡೆಯುವವರೆಲ್ಲ ಹೀಗೇ ನೋಡುತ್ತಿದ್ದರು. ಅಲಗು ಮೆಲ್ಲಗೆ ಕೆಂಪಾಯಿತು. ಏಕಾಂತಯ್ಯ ಅದನ್ನು ನೋಡಿದರು, ಮೀನುಗಳನ್ನು ನೋಡಿದರು, ಹೆಗಲ ವಸ್ತ್ರ ಸರಿಮಾಡಿಕೊಂಡು ಹೊರಟರು. ಜನವೂ ಕರಗಿತು.

"ಇಲ್ಲಿ ಚೀಲ ಹಿಂಡಿದ್ದು ನಿಂಗೊತ್ತಿತ್ತಾ?" ಪದ್ಮರಾಜಯ್ಯ ಕೇಳಿದರು.

"ನಮ್ ಹೊಲದ್ ಬದೀನಲ್ಲೇ ಅಲ್ವಾ ಸ್ವಾಮಿ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಹೇಳಿದ್ರೇ ನಂಬ್ನಿಲ್ಲ. ನಾನು ಹೇಳಿದ್ರೆ ನಂಬ್ತಿದ್ರಾ?"

 ಪದ್ಮರಾಜಯ್ಯ ಕುಡುಗೋಲನ್ನು ಮನೆಗೆ ಒಯ್ದು, ಹಿತ್ತಿಲಲ್ಲಿ ಕೂತು, ತಾಮ್ರ ಬಿಡುವವರೆಗೆ ಬೂದಿ ಹಾಕಿ ತಿಕ್ಕಿದರು. ತೊಳೆದ ನೀರು ತಟ್ಟೆಯಲ್ಲಿ ಉಳಿಯಿತು. ಅದನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ, ತಟ್ಟೆ ಹಿಡಿದು ನಿಂತೇ ಇದ್ದರು.