ಡಾಕ್ಟರ್ ಬಾಯಿಯವರ ತಂದೆಯ ದೋಣಿ

ಕಲಬುರಗಿಯ ಹೆಂಗಸರ ದವಾಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅಲ್ಲಿನ ಡಾಕ್ಟರ್ ಬಾಯಿಯವರು ಸ್ಕಾಟ್‌ಲೆಂಡಿನವರು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರಿಂದ ನಮ್ಮ ಓಣಿಯ ಮಾತೆಲ್ಲ ಅವರ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಆ ವರ್ಷ ಚಳಿಜ್ವರ ಅವರನ್ನು ಹಿಂಡಿಹಾಕಿತು. ಊರಿಗೆ ಹೋಗಿ ಆರು ತಿಂಗಳು ಇದ್ದು ಬನ್ನಿ ಎಂದು ದೊಡ್ಡ ಡಾಕ್ಟರ್ ಸಾಹೇಬರು ಅಪ್ಪಣೆ ಮಾಡಿದರು. ಒಬ್ಬರೇ ಪ್ರಯಾಣ ಮಾಡುವ ತ್ರಾಣ ಬಾಯಿಯವರಲ್ಲಿ ಇರಲಿಲ್ಲ.

"ನನ್ನ ಕೂಡ ಬರ್ತೀ ಏನ್ ತಂಗಿ?" ಎಂದು ಕೇಳಿದರು.

ನನಗೆ ಆಗ ಇಪ್ಪತ್ತೆರಡು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. "ಬರ್ತೀನ್ರಿ" ಎಂದುಬಿಟ್ಟೆ.

ತವರೂರು ಕಮಲಾಪುರಕ್ಕೆ ಹೋಗಿ ಹೇಳಿದಾಗ ಅವ್ವ ಬೀಸುವ ಕಲ್ಲನ್ನು ನಿಲ್ಲಿಸಿದಳು. "ನೀರಿನ ಮ್ಯಾಲ ಲಿಂಗಪೂಜಿ ಹೆಂಗ ಮಾಡ್ತಿ?"

"ಕುಂತ ಜಾಗದಾಗ ಮಾಡ್ತೀನವ್ವ."

ಅವ್ವ ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಕಟ್ಟಿಕೊಟ್ಟಳು. ಶರಣಬಸವೇಶ್ವರ ಗುಡಿಯ ವಿಭೂತಿಯನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿದಳು.

ಮುಂಬಯಿಯಿಂದ ಹಡಗು. ಮೊದಲ ವಾರ ನಾನು ತಲೆ ಎತ್ತಲಿಲ್ಲ. ಕಾಯಿಲೆಯ ಬಾಯಿಯವರೇ ನನ್ನ ಸೇವೆ ಮಾಡಿದರು.

ಸ್ಕಾಟ್‌ಲೆಂಡ್ ಮುಟ್ಟಿದಾಗ ಅಲ್ಲಿ ಬೇಸಿಗೆ. ಬಾಯಿಯವರ ತಂದೆ ಮರದ ವ್ಯಾಪಾರ ಬಿಟ್ಟು ಮನೆಯಲ್ಲಿದ್ದ ಎತ್ತರದ ಮುದುಕರು. ಎರಡು ಹಾಯಿಯ ಸ್ವಂತ ದೋಣಿಯೊಂದು ಅವರಿಗಿತ್ತು. ಸಮುದ್ರದ ಗಾಳಿಗೆ ಮಗಳ ಮೈ ಸುಧಾರಿಸಲಿ ಎಂದು, ಪಡುವಣ ಕರಾವಳಿಗುಂಟ ಎರಡು ವಾರ ಹೋಗಿಬರುವುದೆಂದು ತೀರ್ಮಾನಿಸಿದರು. ದೋಣಿಯಲ್ಲಿ ನಾವು ಮೂವರೇ.

ಒಂದು ಬದಿಗೆ ಗುಡ್ಡಗಳ ಸಾಲು, ಇನ್ನೊಂದು ಬದಿಗೆ ನಡುಗಡ್ಡೆಗಳು. ನಡುವಿನ ನೀರು ನಮ್ಮ ಕೆರೆಯ ನೀರಿನಷ್ಟೇ ತೆಪ್ಪಗಿತ್ತು. ಗುಡ್ಡದ ನೆತ್ತಿಯಿಂದ ಬಿಳಿ ನೀರಿನ ಎಳೆಗಳು ನೇರ ಸಮುದ್ರಕ್ಕೆ ಇಳಿಯುತ್ತಿದ್ದವು. ಬಂಡೆಗಳ ಮೇಲೆ ಸೀಲ್ ಎಂಬ ಪ್ರಾಣಿಗಳು ಮಲಗಿದ್ದು, ನಾವು ಹತ್ತಿರ ಬಂದರೆ ಬೇಸರದಿಂದ ಕಣ್ಣು ತೆರೆಯುತ್ತಿದ್ದವು. ಊಟವಾಗಿ ಎಷ್ಟು ಹೊತ್ತಾದರೂ ಹೊತ್ತು ಮುಳುಗುತ್ತಿರಲಿಲ್ಲ.

"ಸಂಜಿ ಪೂಜಿ ಯಾವಾಗ ಮಾಡಲ್ರಿ?" ಎಂದು ಕೇಳಿದೆ.

"ಹೊಟ್ಟಿ ಹಸದಾಗ ಮಾಡು. ಹೊಟ್ಟಿಗೆ ಟೈಂ ಗೊತ್ತಿರ್ತದ" ಎಂದರು ಬಾಯಿಯವರು.

ಆದರೆ ತಂದೆ ಮಗಳ ನಡುವೆ ಮಾತು ಕಡಿಮೆ. ಬಂದ ದಿನವೇ ತಂದೆ, ಇನ್ನು ಹಿಂದೂಸ್ಥಾನಕ್ಕೆ ಹೋಗುವುದು ಬೇಡ ಎಂದಿದ್ದರಂತೆ. ಮಗಳು, ಹೋಗುತ್ತೇನೆ ಎಂದಿದ್ದರು. ಅಲ್ಲಿಂದ ಮುಂದೆ ಅವರಾಡುತ್ತಿದ್ದುದೆಲ್ಲ ಗಾಳಿ ಮತ್ತು ಹಗ್ಗದ ಮಾತೇ.

ಐದನೆಯ ದಿನ ಮಂಜು ಕವಿಯಿತು. ದೋಣಿಯ ಆ ತುದಿ ಈ ತುದಿಗೆ ಕಾಣದು. ಮುಂದೆ ಇಕ್ಕಟ್ಟಾದ ಜಲಸಂಧಿ, ಅದರಲ್ಲಿ ಸೆಳವು. ಮುದುಕರು ಒಂದು ಮೂಲೆಯಲ್ಲಿ ಲಂಗರು ಹಾಕಿದರು. ಮಂಜು ಕವಿದ ಎರಡನೆಯ ದಿನ ಬ್ರೆಡ್ಡು ತೀರಿತು. ನಾನು ಹಿಟ್ಟಿನ ಚೀಲ ತೆಗೆದೆ. ಹಿಟ್ಟು ಹಳೆಯದಾಗಿ ಜಿಗಿ ಹೋಗಿತ್ತು. ಎಸರು ಕುದಿಸಿ ಹಾಕಿ ನಾದಿ, ಅಂಚು ಸೀಳಿದರೂ ಬಿಡದೆ ಬಡಿದು, ಚಿಮಣಿ ಎಣ್ಣೆಯ ಸ್ಟೋವಿನ ಮೇಲೆ ಸುಟ್ಟೆ. ಬಡಿಯುವ ಸದ್ದಿಗೆ ಮುದುಕರು ಒಳಗೆ ಬಂದು ಕುಳಿತರು. ಹಿಂಡಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದು ಮಗಳಿಗೆ ಏನೋ ಹೇಳಿದರು.

"ಅವರವ್ವನೂ ಹಿಂಗ ಹಂಚಿನ ಮ್ಯಾಲ ಓಟ್ಸಿನ ರೊಟ್ಟಿ ಸುಡ್ತಿದ್ರಂತ" ಎಂದರು ಬಾಯಿಯವರು. "ನಿನಗ ಯಾರು ಕಲಿಸಿದ್ರು ಅಂತ ಕೇಳಾಕತ್ತಾರ."

"ನಮ್ಮಕ್ಕ ಕಲಿಸ್ಯಾಳ್ರಿ" ಎಂದೆ. ಅಕ್ಕನ ಮಾತು ಬಂದಮೇಲೆ ನನ್ನ ಬಾಯಿ ನಿಲ್ಲಲಿಲ್ಲ. "ಆಕಿಗಿ ಮೂರು ದಿನ ಹೆರಿಗಿ ಬ್ಯಾನಿ. ಸೂಲಗಿತ್ತಿ ಕೈ ಬಿಟ್ಟಿದ್ಲು. ಬಾಯಾರು ಕಲಬುರಗಿಯಿಂದ ಎತ್ತಿನ ಗಾಡ್ಯಾಗ ಬಂದ್ರು. ಹಳ್ಳ ತುಂಬಿತ್ತು, ಗಾಡಿ ದಾಟಲಿಲ್ಲ. ಔಷಧದ ಪೆಟಗಿ ತಲಿ ಮ್ಯಾಲ ಇಟ್ಕೊಂಡು, ಎದಿಮಟ ನೀರಾಗ ನಡಕೊಂಡು ಬಂದ್ರು. ಅಕ್ಕ ಉಳದ್ಲು, ಕೂಸೂ ಉಳೀತು."

ಬಾಯಿಯವರು ಅದನ್ನು ತಂದೆಗೆ ಇಂಗ್ಲಿಷಿನಲ್ಲಿ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿದರು. ಮುದುಕರು ನನ್ನ ಕಡೆ ತೋರಿಸಿ ಎರಡೂ ಕೈ ಅಗಲಿಸಿದರು, ಮಗಳ ಕಡೆ ತೋರಿಸಿ ಒಂದು ಚಿಟಿಕೆಯಷ್ಟು ಬೆರಳು ಹಿಡಿದರು.

"ಪೂರಾ ಹೇಳ್ರಿ ಬಾಯಾರ" ಎಂದೆ.

"ನನ್ನ ಸುದ್ದಿ ನಾನೇ ಹೆಂಗ ಹೇಳ್ಕೊಳ್ಳಲಿ? ನಾಚಿಕಿ ಬರ್ತದ."

"ಅದು ನಿಮ್ಮ ಸುದ್ದಿ ಅಲ್ರಿ, ನಮ್ಮಕ್ಕನ ಸುದ್ದಿ."

ಬಾಯಿಯವರು ನಕ್ಕುಬಿಟ್ಟರು. ಆಮೇಲೆ ನಿಧಾನವಾಗಿ, ತಲೆ ತಗ್ಗಿಸಿಕೊಂಡು ಹೇಳಿದರು. ಎಲ್ಲಿ ಮಾತು ನುಂಗುತ್ತಾರೋ ಎಂದು ನಾನೂ ತಲೆಯ ಮೇಲೆ ಕೈಯಿಟ್ಟು ಪೆಟ್ಟಿಗೆ ತೋರಿಸಿದೆ, ಎದೆ ಮುಟ್ಟಿ ನೀರಿನ ಮಟ್ಟ ತೋರಿಸಿದೆ. ಮುದುಕರು ಕೊನೆಯವರೆಗೂ ಕೇಳಿದರು. ಅವರು ಕೇಳಿದ್ದು ಒಂದೇ: ಆ ಕೂಸು ಈಗ ಹೇಗಿದೆ?

"ಭಾಳ ಜೋರದಾಳ್ರಿ. ಎಲ್ಲಾರ್ನೂ ಬೈತಾಳ" ಎಂದೆ. ಅದನ್ನು ಬಾಯಿಯವರು ಪೂರ್ತಿಯಾಗಿ ಹೇಳಿರಬೇಕು, ಮುದುಕರು ಕೆಮ್ಮು ಬರುವಷ್ಟು ನಕ್ಕರು.

ಮರುದಿನ ಮಂಜು ಹರಿದು ಬಿಸಿಲು ಬಿತ್ತು. ಜಲಸಂಧಿಯ ಬಾಯಿಗೆ ಬಂದಾಗ ಮುದುಕರು ಚುಕ್ಕಾಣಿಯನ್ನು ಮಗಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ಕುಳಿತರು. ಎರಡೂ ಕಡೆ ಬಂಡೆ, ಕೆಳಗೆ ಸುಳಿಯುವ ಹಸಿರು ನೀರು. ನಾನು ಲಿಂಗವನ್ನು ಹಿಡಿದುಕೊಂಡಿದ್ದೆ. ಮುದುಕರು ಒಮ್ಮೆಯೂ ಕೈ ಚಾಚಲಿಲ್ಲ. ದಾಟಿದ ಮೇಲೆ ಬಾಯಿಯವರ ಮುಖದಲ್ಲಿ, ಜ್ವರ ಬಂದಂದಿನಿಂದ ಕಾಣದಿದ್ದ ಕೆಂಪು ಕಂಡಿತು.

ಚಳಿ ಬೀಳುವ ಮುಂಚೆಯೇ ನಮ್ಮಿಬ್ಬರನ್ನೂ ಹಿಂದೂಸ್ಥಾನದ ಹಡಗು ಹತ್ತಿಸಲು ಮುದುಕರೇ ಬಂದರು. ಔಷಧದ ಪೆಟ್ಟಿಗೆಗೆ ನೀರಿಳಿಯದ ಹೊಸ ಮೇಣಗಪ್ಪಡದ ಚೀಲ ಹೊಲಿಸಿ ತಂದಿದ್ದರು.

ಕಮಲಾಪುರದಲ್ಲಿ ಅವ್ವ ಎಲ್ಲವನ್ನೂ, ಗುಡ್ಡ, ಮಂಜು, ಮುಳುಗದ ಸೂರ್ಯ, ಒಂದೂ ಬಿಡದೆ ಕೇಳಿದಳು. ಆಮೇಲೆ ಕೇಳಿದಳು, "ಅಲ್ಲಿ ಎಮ್ಮಿ ಅದಾವೇನು?"

"ಇಲ್ಲವ್ವ."

"ಪಾಪ" ಎಂದು ಅವ್ವ ಒಲೆಗೆ ಕಟ್ಟಿಗೆ ಸರಿಸಿದಳು.