ಗೇರ್‌ಬಾಕ್ಸಿನ ಉಪವಾಸ

ನನ್ನ ಇಪ್ಪತ್ತು ವರ್ಷದ ಹಳೇ ಕಾರಿಗೆ ಎರಡನೇ ಗೇರು ಬೀಳುವುದೇ ನಿಂತುಹೋಗಿತ್ತು. ಒಂದರಿಂದ ನೇರ ಮೂರಕ್ಕೆ ಹಾರಿಸಿಕೊಂಡು, ಕುವೆಂಪುನಗರದಿಂದ ಸಿದ್ಧಾರ್ಥನಗರದ ಗ್ಯಾರೇಜಿಗೆ ಹೇಗೋ ತಲುಪಿದೆ. ಮೆಕ್ಯಾನಿಕ್ ಅಂತೋಣಪ್ಪನವರು, "ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ರಿ ಸಾರ್?" ಎಂದರು.

"ಒಂದು ವರ್ಷಾನೂ ಆಯುಧಪೂಜೆ ತಪ್ಪಿಸಿಲ್ಲ ಕಣ್ರೀ," ಎಂದೆ, ಹೆಮ್ಮೆಯಿಂದಲೇ.

ಅವರು ನನ್ನ ಮುಖವನ್ನೊಮ್ಮೆ ನೋಡಿ, ಗೇರ್ ರಾಡಿನ ಬುಡದ ರಬ್ಬರು ಎತ್ತಿದರು. ಕುಂಕುಮ, ಅರಿಶಿನ, ಒಣಗಿದ ಚೆಂಡುಹೂವಿನ ಎಸಳು ಅಲ್ಲಿ ಗಟ್ಟಿಯಾಗಿ ಕೂತಿದ್ದವು. ಆಮೇಲೆ ಕಾರಿನಡಿ ಮಲಗಿ ಗೇರ್‌ಬಾಕ್ಸಿನ ಬೋಲ್ಟು ಬಿಚ್ಚಿದರು. ಡಾಂಬರಿನಂಥ ಎಣ್ಣೆ ನಾಲ್ಕು ಚಮಚ ಬಿತ್ತು.

"ಮೇಲೆ ಅಷ್ಟೊಂದು ಪೂಜೆ, ಒಳಗೆ ಉಪವಾಸ! ದೇವರೇ ಬಂದು ಆಯಿಲ್ ಹಾಕ್ತಾನಾ ಸಾರ್?" ಎಂದು ಬೈದೇ ಬೈದರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಎಲ್ಲ ತೊಳೆದು, ಹೊಸ ಎಣ್ಣೆ ತುಂಬಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಗೆ ಹೊರಟರು.

ಎರಡನೇ ಗೇರು ಹಾಕುವ ಹೊತ್ತು ಬಂತು. ಅಂತೋಣಪ್ಪನವರ ಕೈ ಗೇರಿಗೆ ಹೋಗಲಿಲ್ಲ. ಹಣೆಗೆ, ಎದೆಗೆ, ಎರಡೂ ಭುಜಕ್ಕೆ ಹೋಗಿ ಶಿಲುಬೆಯ ಗುರುತು ಹಾಕಿತು.

"ಏನ್ರೀ ಇದು?" ಎಂದೆ.

"ಆಯಿಲ್ ಹಾಕಿದ್ದು ನಾನೇ ಸಾರ್. ಆದ್ರೆ ಇಷ್ಟು ವರ್ಷ ಓಡ್ಸಿರೋದು ನೀವಲ್ವಾ!"