ಪಿಚಕಾರಿ ಮತ್ತು ಊದಿನಕಡ್ಡಿ

ಇವತ್ತು ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಪಕ್ಕದ ಅಂಗಡಿಯವನು ಊದಿನಕಡ್ಡಿ ಹಚ್ಚಿದ್ದ. ಮಲ್ಲಿಗೆ ಪರಿಮಳದ್ದು. ಬೇರೆಯವರಿಗಾದರೆ ಆ ವಾಸನೆಗೆ ದೇವರು ನೆನಪಾಗಬೇಕು, ನನಗೆ ಕಿವಿ ಬಿಸಿಯಾಗುತ್ತದೆ. ನಾಚಿಕೆಗೆ. ಯಾಕೆ ಅಂತೀರಾ? ಹೇಳುತ್ತೇನೆ, ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ. ಈಗ ಕೂತುಕೊಳ್ಳಬಹುದು, ಹೆದರಬೇಡಿ.

ಶಿರಸಿಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಹುಟ್ಟಿದ್ದು ಎಕ್ಕಂಬಿಯಲ್ಲಿ. ನಮ್ಮ ಮನೆಯಲ್ಲಿ ಎಲಿ-ಅಡಿಕಿ ಎನ್ನುತ್ತಿದ್ದುದನ್ನು ಪೇಟೆಗೆ ಬಂದ ಮೇಲೆ ನಾನೂ ಎಲ್ಲರಂತೆ ಕವಳ ಎನ್ನುವುದಕ್ಕೆ ಕಲಿತೆ. ಹೆಸರು ಬದಲಾಯಿತೇ ಹೊರತು ಚಟ ಅದೇ. ಊಟವಾದ ಮೇಲೊಂದು, ಚಹಾ ಆದ ಮೇಲೊಂದು, ವ್ಯಾಪಾರವಾದರೆ ಖುಷಿಗೊಂದು, ಆಗದಿದ್ದರೆ ಬೇಜಾರಿಗೊಂದು. ಎಲೆಗೆ ಸುಣ್ಣ ಸವರಿ ಮಡಚಿ ಕೊಡುತ್ತಿದ್ದವಳು ನನ್ನ ಹೆಂಡತಿಯೇ. ಮಗಳು ಶೋಭಾ ಮದುವೆಯಾಗಿ ಯಲ್ಲಾಪುರಕ್ಕೆ ಹೋದ ಮೇಲೆ ಇವಳೂ ದಿನವಿಡೀ ಅಂಗಡಿಯಲ್ಲೇ ಕೂರುತ್ತಾಳೆ. ಕೌಂಟರಿನ ಈ ತುದಿಗೆ ನಾನು, ಆ ತುದಿಗೆ ಅವಳು. ನಡುವೆ ಯಾಕಿಷ್ಟು ಜಾಗ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಬಟ್ಟೆ ವ್ಯಾಪಾರಿ ಕವಳ ಹಾಕುವುದೆಂದರೆ ಸಾಮಾನ್ಯ ವಿದ್ಯೆಯಲ್ಲ. ಬಾಯಲ್ಲಿ ಕೆಂಪು ರಸ, ಕೈಯಲ್ಲಿ ಬಿಳಿ ಪಂಚೆ. ಒಂದು ಹನಿ ಜಾರಿದರೆ ಕೆಟ್ಟೆ. ನನಗೆ ಇದನ್ನು ಕಲಿಸಿದವರು ನನ್ನ ಸೋದರಮಾವ, ಅವರ ಅಂಗಡಿಯಲ್ಲೇ ನಾನು ವ್ಯಾಪಾರ ಕಲಿತದ್ದು. “ತುಟಿ ಅಂದ್ರ ಗಲ್ಲಾಪೆಟಗಿ ಇದ್ದಂಗಪಾ. ಬೀಗ ಹಾಕಿದ್ದು ಹಾಕಿದಂಗ ಇರಬೇಕು” ಎನ್ನುತ್ತಿದ್ದರು. ಗದ್ದ ಮೇಲೆತ್ತಿ, ತುಟಿ ಬಿಗಿದು, ಮೂಗಿನಲ್ಲೇ “ಹೂಂ, ಹೂಂ” ಎನ್ನುತ್ತ ಒಂದಿಡೀ ಸೀರೆ ವ್ಯಾಪಾರ ಮುಗಿಸುವಷ್ಟು ನಾನು ಪಳಗಿಬಿಟ್ಟೆ. ಇಷ್ಟು ವರ್ಷದಲ್ಲಿ ಒಂದು ಪಂಚೆಗೂ ಕಲೆ ಮಾಡಿದವನಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ.

ಈಚಿನ ವರ್ಷಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ರೇಟು ಹೇಳಲು ನಾನು ಬಾಯಿ ತೆರೆದೊಡನೆ ಗಿರಾಕಿಗಳು ಹಿಂದೆ ಸರಿಯುತ್ತಿದ್ದರು. ಹೆಚ್ಚಾಯಿತೇನೋ ಎಂದು ನಾನು ಇಳಿಸುತ್ತಿದ್ದೆ. ಇಳಿಸಿದ್ದನ್ನು ಹೇಳಲು ಕೌಂಟರಿನ ಮೇಲೆ ಬಗ್ಗುತ್ತಿದ್ದೆ, ಅವರು ಇನ್ನಷ್ಟು ಸರಿಯುತ್ತಿದ್ದರು, ನಾನು ಇನ್ನಷ್ಟು ಇಳಿಸುತ್ತಿದ್ದೆ. ನಗಬೇಡಿ. ಹೋಗಲಿ, ನಕ್ಕುಬಿಡಿ. ಹೆಂಡತಿ ಮಾತ್ರ ಏನೂ ಹೇಳದೆ ಎದ್ದು ಬಂದು ಕೌಂಟರಿನ ಮೇಲೆ ನನ್ನ ಮುಂದೆ ಊದಿನಕಡ್ಡಿ ಹಚ್ಚಿಡುತ್ತಿದ್ದಳು. ಒಂದು ಆರಿದರೆ ಇನ್ನೊಂದು. “ನಮ್ಮಾಕಿದು ಭಾಳ ಭಕ್ತಿ ನೋಡ್ರಿ” ಎಂದು ನಾನು ನಾಲ್ಕು ಜನರೆದುರು ಹೊಗಳಿದ್ದೂ ಉಂಟು. ಅಯ್ಯೋ ಶಿವನೇ.

ಕೊನೆಗೆ ಒಸಡು ಬಾತು, ಅಗಿಯಲಿಕ್ಕಾಗದೆ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವರು. ನಾನು ಬಾಯಿ ತೆರೆದ ಮೇಲೆ ಅವರು ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಹಾಕಿಕೊಂಡರು. ನಾನು ಕಂಡರೂ ಕಾಣದವನಂತೆ ಮೇಲಿನ ಫ್ಯಾನು ನೋಡುತ್ತ ಮಲಗಿದೆ. ಹಲ್ಲು ಕ್ಲೀನ್ ಮಾಡಿ, ಕವಳ ಬಿಡಲೇಬೇಕು ಎಂದರು. ಹಲ್ಲಿನ ಸಂದುಗಳನ್ನು ನೀರು ಚಿಮ್ಮಿಸಿ ತೊಳೆಯುವ ವಾಟರ್ ಫ್ಲಾಸರ್ ಎಂಬ ಮಷಿನ್ ಒಂದನ್ನು ತರಿಸಿಕೊಳ್ಳಿ ಎಂದೂ ಹೇಳಿದರು. ಶೋಭಾ ಅದನ್ನು ಆನ್‌ಲೈನಿನಲ್ಲಿ ತರಿಸಿದ್ದಲ್ಲದೆ, ಬಳಸುವುದನ್ನು ಕಲಿಸಲು ತಾನೇ ಯಲ್ಲಾಪುರದಿಂದ ಬಸ್ಸು ಹತ್ತಿ ಬಂದಳು.

ಕವಳ ಬಿಟ್ಟು ಒಂದು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಶೋಭಾ ಹಿತ್ತಿಲ ಕಡೆಯ ಬೇಸಿನ್ನಿನ ಮುಂದೆ ನನ್ನನ್ನು ನಿಲ್ಲಿಸಿದಳು. ಪಕ್ಕದಲ್ಲೇ ಹೆಂಡತಿ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. “ಹೋಳಿ ಹುಣ್ಣಿಮಿ ಮುಗದ ಮ್ಯಾಲ ಪಿಚಕಾರಿ ಬಂತಲ್ರಿ” ಎಂದು ನಕ್ಕಳು.

ಶೋಭಾ ಉಗುರುಬೆಚ್ಚಗಿನ ನೀರು ತುಂಬಿದಳು. “ಮೊದಲ ಬಾಯಾಗ ಇಟ್ಕೋ, ಆಮ್ಯಾಲ ಬಟನ್ ಒತ್ತು. ಬೇಸಿನ್ ಮ್ಯಾಲ ಬಗ್ಗು. ತುಟಿ ಸಡ್ಲ ಬಿಡು ಅಪ್ಪಾ, ನೀರು ತಾನ ಹೊರಗ ಹರೀತೈತಿ.”

ಒತ್ತಿದೆ. ಗುರ್ ಎಂದು ಒಸಡಿಗೆಲ್ಲ ಕಚಗುಳಿ. ಆದರೆ ಸಡಿಲ ಬಿಡುವ ತುಟಿ ನನ್ನದೇ? ಅದಕ್ಕೆ ಮಾವ ಹಾಕಿಸಿದ ಬೀಗ. ಬಾಯಿ ತುಂಬಿತು, ಕೆನ್ನೆ ಉಬ್ಬಿತು, ಗದ್ದ ತಾನಾಗಿ ಮೇಲೆದ್ದಿತು.

“ಅಪ್ಪಾ, ಬಿಡು!”

“ಹೂಂ, ಹೂಂ.”

“ಬಾಯಿ ಬಿಡಪಾ ಮಾರಾಯಾ!”

ಬಿಟ್ಟೆ. ಬೇಸಿನ್ನಿಗಲ್ಲ, ಅವಳ ಕಡೆ ತಿರುಗಿ ಬಿಟ್ಟೆ. ಮಷಿನ್ ಇನ್ನೂ ಓಡುತ್ತಿತ್ತು. ಕನ್ನಡಿ, ಮಗಳ ಕನ್ನಡಕ, ಹೆಂಡತಿ ಆಗಷ್ಟೇ ಮಡಚಿಟ್ಟ ನನ್ನ ಬಿಳಿ ಪಂಚೆ, ಎಲ್ಲದರ ಮೇಲೂ ಕೆಂಪು ನೀರು. ಕವಳದ ಕೆಂಪಲ್ಲ, ಒಸಡಿನ ರಕ್ತ. ಅದರ ಜೊತೆ ಎದ್ದ ವಾಸನೆಯನ್ನು ಏನೆಂದು ಹೇಳಲಿ? ಶೋಭಾ ದುಪಟ್ಟಾ ಮೂಗಿಗೆ ಒತ್ತಿಕೊಂಡಳು, ನನ್ನ ಮುಖ ನೋಡಿ ತಕ್ಷಣ ತೆಗೆದಳು.

ಹೆಂಡತಿ ಒಳಗೆ ಹೋಗಿ ಒಂದು ಊದಿನಕಡ್ಡಿ ಹಚ್ಚಿಕೊಂಡು ಬಂದು, ಅಭ್ಯಾಸಬಲದಿಂದ ಬೇಸಿನ್ನಿನ ಪಕ್ಕದ ಗೋಡೆಯ ಬಿರುಕಿಗೆ ಸಿಕ್ಕಿಸಿದಳು.

ಬೇಸಿನ್ನಿನ ಹತ್ತಿರ ಯಾವ ದೇವರಿದ್ದಾನೆ?

ನನಗೆ ತಿಳಿಯಿತು. ನನಗೆ ತಿಳಿಯಿತೆಂಬುದು ಅವಳಿಗೂ ತಿಳಿಯಿತು. ಅವಳು ಕನ್ನಡಿ ಒರೆಸತೊಡಗಿದಳು, ಶೋಭಾ ಚಹಾದ ನೆಪ ಮಾಡಿ ಒಳಗೆ ಹೋದಳು.

“ಅಂಗಡ್ಯಾಗ ಹಚ್ಚತಿದ್ಯಲ್ಲ, ಅದೂ ಇದಕ್ಕ ಏನು?” ಎಂದೆ.

ಅವಳು ಒರೆಸುತ್ತಲೇ ಇದ್ದಳು.

“ಒಂದ ಮಾತು ಹೇಳಬಾರದಾಗಿತ್ತೇನ?”

“ಹೆಂಗ ಹೇಳಲಿರಿ? ಎಲಿ ಮಡಚಿ ಕೊಡಾಕಿ ನಾನ. ಮತ್ತ ನಿಮಗ ಮಂದಿ ಜೋಡಿ ಮಾತಾಡೂದಂದ್ರ ಜೀವ. ಹೇಳಿದ್ದಿದ್ರ ಬಾಯಿ ಮುಚಗೊಂಡು ಕುಂದ್ರತಿದ್ರಿ. ಅದನ್ನ ನೋಡೂದು ನನ್ನ ಕಡಿಂದ ಆಗೂದಿಲ್ರಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ತಡೆಯಲಾಗಲಿಲ್ಲ. ಗಿರಾಕಿಗಳ ಮುಂದಿನ ಮಾನ ಹಾಳಾಗಿ ಹೋಗಲಿ, ಅವರು ಒಂದು ಹೆಜ್ಜೆ ಸರಿದು ಮನೆಗೆ ಹೋಗುತ್ತಾರೆ. ಇವಳು ಸರಿಯುವುದಾದರೂ ಎಲ್ಲಿಗೆ? ಕೌಂಟರಿನ ಆ ತುದಿಗೆ. ಮಲಗುವಾಗ “ಸೆಕಿ” ಎಂದು ಕಿಟಕಿಯ ಕಡೆಗೆ, ಚಳಿಗಾಲದಲ್ಲೂ. ಅದನ್ನು ನಾನು ಅವಳ ದೇಹಪ್ರಕೃತಿ ಎಂದುಕೊಂಡಿದ್ದೆ. ಮುದಿ ಕತ್ತೆ ಎಂದು ನನ್ನನ್ನೇ ಬೈದುಕೊಂಡೆ.

ಆಮೇಲೆ ಬಾಗಿಲು ಹಾಕಿಕೊಂಡು ಒಬ್ಬನೇ ಕಲಿತೆ. ನಿಜ ಹೇಳಬೇಕೆಂದರೆ ಕವಳ ಬಿಡುವುದಕ್ಕಿಂತ ತುಟಿ ಬಿಡುವುದು ಕಷ್ಟವಾಯಿತು. ಬೇಸಿನ್ನಿನ ಮೇಲೆ ಬಗ್ಗಿ, ಹಸುಗೂಸಿನ ಹಾಗೆ ಜೊಲ್ಲು ಸುರಿಸುತ್ತ ನಿಲ್ಲುವಾಗ ಕನ್ನಡಿ ನೋಡುವ ಧೈರ್ಯ ಬಹಳ ದಿನ ಬರಲಿಲ್ಲ. ಕೆಂಪು ನೀರು ತಿಳಿಯಾಗುತ್ತ ಬಂತು. ಈಗ ಬರೀ ನೀರು. ಡಾಕ್ಟರೂ ಒಂದೇ ಮಾಸ್ಕಿನಲ್ಲಿ ನೋಡುತ್ತಾರೆ. ಆದರೂ ಮಾತಾಡುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಹೋದ ಮಾನ ಒಸಡಿನಷ್ಟು ಬೇಗ ಕೂಡಿಕೊಳ್ಳುವುದಿಲ್ಲ.

ಇವತ್ತಿನದೇ ನೋಡಿ. ಪಕ್ಕದ ಅಂಗಡಿಯ ಊದಿನಕಡ್ಡಿ ಇನ್ನೂ ಆರಿರಲಿಲ್ಲ, ಕಾನಸೂರಿನ ಹಳೆಯ ಗಿರಾಕಿಯೊಬ್ಬರು ಪಂಚೆಗೆ ಬಂದರು. ಬಿಚ್ಚಿ ತೋರಿಸಿದೆ, ರೇಟು ಹೇಳಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

ನನ್ನ ಕೈ ಬಾಯಿಗೆ ಹೋಯಿತು. ಕೌಂಟರಿನ ಆ ತುದಿಯಲ್ಲಿ ಹೆಂಡತಿ ಎದ್ದಳು. ಇನ್ನು ಊದಿನಕಡ್ಡಿಯ ಪೊಟ್ಟಣ ತರುತ್ತಾಳೆ ಎಂದು ತಲೆ ತಗ್ಗಿಸಿದೆ. ಅವಳು ಬರಿಗೈಯಲ್ಲಿ ನೇರ ನನ್ನ ಪಕ್ಕಕ್ಕೆ ಬಂದು, ಹೆಗಲಿಗೆ ಹೆಗಲು ತಾಗಿಸಿ ನಿಂತು, ನನ್ನ ಕೈಯನ್ನು ಬಾಯಿಂದ ಮೆಲ್ಲಗೆ ಇಳಿಸಿ, ಕಿವಿಯ ಹತ್ತಿರ ಬಗ್ಗಿದಳು.

“ಇದು ರೇಟಿಗೆ ಸರದದ್ರಿ. ಇಳಸಬ್ಯಾಡ್ರಿ.”

ಅವಳು ಇಷ್ಟು ಹತ್ತಿರ ಬಂದು ಎಷ್ಟು ವರ್ಷವಾಗಿತ್ತೋ! ನನ್ನ ಕಣ್ಣು ಮಂಜಾಯಿತು. ಅವಳು ಹೇಳಿದ್ದು ಚೆನ್ನಾಗಿಯೇ ಕೇಳಿಸಿತ್ತು, ಆದರೂ ರೇಟು ಇಳಿಸಿಬಿಟ್ಟೆ.